ಬಾಳವ್ವ ಮಾಡಿದ ಡೈನೋಸಾರ್

ಕಮರಿಪೇಟೆಯ ಆ ಮನೆಯಲ್ಲಿ ಬಾಳವ್ವನ ನೆನಪಾಗುವುದು ಅವಳು ಕಾಣದಿದ್ದಾಗ ಮಾತ್ರ. ಹಾಲು ಉಕ್ಕಿದಾಗ, ರೊಟ್ಟಿ ಬುಟ್ಟಿ ಬರಿದಾದಾಗ, ಹಗ್ಗದ ಮೇಲಿನ ಬಟ್ಟೆ ಮಳೆಗೆ ತೊಯ್ದಾಗ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಗೆ ಬಂದವಳು ಅವಳು. ಈಗ ಮೈದುನನೂ ಇಲ್ಲ, ಮನೆ ಅವನ ಮಗ ಗುರುಪಾದನದು. ಗುರುಪಾದನಿಗೆ ಅಮರಗೋಳದ ಮಾರುಕಟ್ಟೆಯಲ್ಲಿ ಅರಳೆ ವ್ಯಾಪಾರ. ಅವನ ಹೆಂಡತಿ ಸೌಂದರ್ಯಾ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಬ್ಯಾಂಕಿಗೆ ಹೋಗಲು ಆಗುವುದು ಬಾಳವ್ವ ಒಲೆಯ ಮುಂದೆ ಇರುವುದರಿಂದ. ಇದು ಇಬ್ಬರಿಗೂ ಗೊತ್ತು, ಇಬ್ಬರೂ ಆಡುವುದಿಲ್ಲ.

ಬಾಳವ್ವನ ಕೈಯಿಂದ ಆಗುವುದೆಲ್ಲ ಅಂದಂದಿಗೇ ಕರಗಿಹೋಗುವಂಥದು. ರೊಟ್ಟಿ ಹೊಟ್ಟೆ ಸೇರುತ್ತದೆ, ಒರೆಸಿದ ನೆಲ ಸಂಜೆಗೆ ಮತ್ತೆ ಕೊಳೆಯಾಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಮನೆಗಳಿಗೆಲ್ಲ ಎತ್ತು ಮಾಡಿಕೊಡುವವಳೂ ಅವಳೇ. ಗುಲಗಂಜಿಯ ಕಣ್ಣು, ಚೂಪು ಕೋಡು, ಹೆಗಲ ಮೇಲೆ ಡುಬ್ಬದಂತೆ ಎದ್ದ ದಪ್ಪನೆಯ ಇಣಿ. ಪೂಜೆ ಆದ ಮೇಲೆ ಅವೂ ನೀರಿಗೆ.

ಈ ವರ್ಷ ಅಮಾವಾಸ್ಯೆ ಮುಗಿದು ಉಳಿದ ಮಣ್ಣು ಒದ್ದೆ ಬಟ್ಟೆಯಲ್ಲಿತ್ತು. ಅದೇ ಹೊತ್ತಿಗೆ ಗುರುಪಾದನ ಮಗಳು ಸೌಮ್ಯಾಳ ಸಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತು, ಅವಳ ಪಾಲಿಗೆ ಡೈನೋಸಾರ್ ಮಾದರಿ. ಸೌಂದರ್ಯಾಗೆ ಬಿಡುವಿಲ್ಲ, ದುರ್ಗದಬೈಲಿನ ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಡೈನೋಸಾರ್ ನಡೆಯುವುದಿಲ್ಲವೆಂದು ಟೀಚರ್ ಹೇಳಿದ್ದರು. ಕೆಲಸ ತಾನಾಗಿ ಬಾಳವ್ವನ ಮಡಿಲಿಗೆ ಬಂದು ಬಿತ್ತು.

ಸೌಮ್ಯಾ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಉದ್ದ ಕುತ್ತಿಗೆಯ, ಎಲೆ ತಿನ್ನುವ ಪ್ರಾಣಿ, ಹೆಸರು ಬಾರಾಪಾಸಾರಸ್. ನಮ್ಮ ಗೋದಾವರಿ ಸೀಮೆಯಲ್ಲೇ ಅದರ ಎಲುಬು ಸಿಕ್ಕಿವೆಯಂತೆ. ಸತ್ತ ಮೇಲೆ ಮೈಮೇಲೆ ಕೆಸರು ಕೂತು, ಎಲುಬೆಲ್ಲ ಕಲ್ಲಾಗಿ ಉಳಿದವಂತೆ. ಕಾಲು, ಬೆನ್ನು, ಕೆಲವು ಹಲ್ಲು ಸಿಕ್ಕಿವೆ, ತಲೆ ಮಾತ್ರ ಸಿಕ್ಕಿಲ್ಲ ಎಂದಳು.

"ಹಂಗಾರ ಅದರ ಮಾರಿ ಯಾರಿಗೂ ಗೊತ್ತಿಲ್ಲೇನು?" ಎಂದು ಬಾಳವ್ವ ಕೇಳಿದಳು.

"ಇಲ್ಲ ಆಯಿ. ಅಂದಾಜಿನ ಮ್ಯಾಲೆ ಚಿತ್ರ ಬರೀತಾರ."

ಬಾಳವ್ವ ಮಣ್ಣಿಗೆ ಗುರುಪಾದನ ಅಂಗಡಿಯ ಅರಳೆ ಬೆರೆಸಿ ನಾದಿದಳು. ಕಾಲು, ಬಾಲ ಬೇಗ ಆದವು. ಮುಖಕ್ಕೇ ಬಹಳ ದಿನ ಹಿಡಿಯಿತು. ಪಾತ್ರೆ ತೊಳೆದು ಎಲ್ಲರೂ ಹೊರಗೆ ಹೋದ ಮಧ್ಯಾಹ್ನಗಳಲ್ಲಿ ಒಬ್ಬಳೇ ಕೂತು ತೀಡಿದಳು. ಕೊನೆಗೆ ಬಾಯಿ ತುಸು ತೆರೆದಂತೆ ಮಾಡಿದಳು, ಯಾರೋ ಏನೋ ಕೇಳಿದ್ದಾರೆ, ಉತ್ತರ ಹೇಳಬೇಕು ಅನ್ನುವ ಹಾಗೆ. ಬಣ್ಣ ಹಚ್ಚಿದ ಮೇಲೆ ಸೌಮ್ಯಾ ನಕ್ಕಳು. ಹೆಗಲ ಮೇಲೆ ಎತ್ತಿನ ಇಣಿ ಬಂದುಬಿಟ್ಟಿತ್ತು. ಬಾಳವ್ವನಿಗೆ ಅದು ಬಂದದ್ದೇ ತಿಳಿದಿರಲಿಲ್ಲ.

ಇದನ್ನು ನೀರಿಗೆ ಬಿಡುವುದಿಲ್ಲ, ಮೇಜಿನ ಮೇಲೆ ಇಡುತ್ತಾರೆ, ಮಂದಿ ಬಂದು ನಿಂತು ನೋಡುತ್ತಾರೆ. ಅದನ್ನೊಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು ಅವಳಿಗೆ. ಯಾರಾದರೂ ಯಾರು ಮಾಡಿದ್ದು ಎಂದು ಕೇಳಲೂಬಹುದು. ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದು ಬಿಸಿಲಿಗೆ ಹರವಿದಳು. ಆದರೆ ಪ್ರದರ್ಶನದ ಹಿಂದಿನ ದಿನ ಗುರುಪಾದ, ನಾಳೆ ಗದಗಿನ ವ್ಯಾಪಾರಸ್ಥರು ಊಟಕ್ಕೆ ಬರುವರೆಂದು ಹೇಳಿದ.

ಸೌಂದರ್ಯಾ ಸಮಾಧಾನದ ದನಿಯಲ್ಲಿ, "ಅತ್ತಿ, ನೀವು ಬಂದ್ರ ರೊಟ್ಟಿ ಯಾರು ಮಾಡ್ತಾರ? ಫೋಟೋ ತಗೊಂಡ ಬರ್ತೀನಲ್ಲ" ಎಂದಳು.

ಪ್ರದರ್ಶನದ ದಿನ, ಶನಿವಾರ, ಬಾಳವ್ವ ರೊಟ್ಟಿ ಬಡಿದಳು, ಬದನೆಕಾಯಿ ತುಂಬಿದಳು, ಬಡಿಸಿದಳು. ಗಂಡಸರು ಪಡಸಾಲೆಯಲ್ಲಿ ಅಡ್ಡಾದರು. ಅವಳು ಮುಸುರೆ ಪಾತ್ರೆಗಳನ್ನು ಹಾಗೇ ಬಿಟ್ಟು, ಇಳಕಲ್ಲ ಸೀರೆ ಉಟ್ಟು, ಹಿತ್ತಲ ಬಾಗಿಲಿನಿಂದ ಹೊರಟಳು. ಪಾತ್ರೆ ಬಿಟ್ಟು ಹೊಸ್ತಿಲು ದಾಟಿದ್ದು ಅದೇ ಮೊದಲು.

ಆಟೋ ಸಾಲೆ ಮುಟ್ಟುವಷ್ಟರಲ್ಲಿ ಪ್ರದರ್ಶನ ಮುಗಿದಿತ್ತು. ದೊಡ್ಡ ಕೋಣೆಯಲ್ಲಿ ಆಯಾ ದಯಾವತಿ ಒಬ್ಬಳೇ ಕಸ ಗುಡಿಸುತ್ತಿದ್ದಳು. ಮೇಜಿನ ಮೇಲೆ ಡೈನೋಸಾರ್ ಇತ್ತು. ಕೊರಳಲ್ಲಿ ಎರಡನೇ ಬಹುಮಾನದ ರಿಬ್ಬನ್, ಮುಂದೆ ಸೌಮ್ಯಾಳ ಹೆಸರಿನ ಚೀಟಿ. ಹೆಗಲು ಮಾತ್ರ ಚಪ್ಪಟೆಯಾಗಿ, ಬಣ್ಣ ಕಿತ್ತು, ಹಸಿ ಗಾಯದಂತೆ ಕಾಣುತ್ತಿತ್ತು.

ಬಾಳವ್ವ ಅದರ ಮೇಲೆ ಬೆರಳಿಟ್ಟಳು. ದಯಾವತಿ ತಾನಾಗಿಯೇ ಹೇಳಿದಳು, ಇಂಥ ಪ್ರಾಣಿಗೆ ಇಣಿ ಇರುವುದಿಲ್ಲವೆಂದು ಮುಂಜಾನೆ ಟೀಚರ್ ತಕರಾರು ಮಾಡಿದರಂತೆ, ಹುಡುಗಿಯ ತಾಯಿ ಊಟದ ಡಬ್ಬಿಯ ಚಮಚದಿಂದ ಕೆರೆದು ತೆಗೆದಳಂತೆ. ಉದುರಿದ ಮಣ್ಣು ಬಳಿದು ಬುಟ್ಟಿಗೆ ಹಾಕಿದವಳು ದಯಾವತಿ.

"ಮಾರಿ ಭಾಳ ಛಲೋ ಐತಿ ಅಂತ ಎಲ್ಲಾರೂ ಅಂದ್ರು," ಎಂದಳು. ಆಮೇಲೆ ಬಾಳವ್ವನ ಸೀರೆಯನ್ನೂ ಕೈಗಳನ್ನೂ ನೋಡಿ, "ಅವ್ವಾರ, ಇದನ್ನ ಖರೇ ಮಾಡಿದವರು ಯಾರ್ರಿ?"

ದಿನವೆಲ್ಲ ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತನ್ನು ಬಾಳವ್ವ ಹೇಳಿದಳು.

"ನಾ ಮಾಡೀನಿ."

"ಮತ್ತ ಇಣಿ ಯಾಕ ಇಟ್ಟಿದ್ರಿ?"

"ಕೈ ಇಟ್ಟಿತು. ನಾ ನೋಡಲಿಲ್ಲ."

ದಯಾವತಿ ನಗಲಿಲ್ಲ. ಮೂಲೆಯ ಕಸದ ಬುಟ್ಟಿಯಿಂದ ಆ ಮಣ್ಣಿನ ಚೂರುಗಳನ್ನು ಆರಿಸಿ ತಂದಳು. ಬಾಳವ್ವ ನಳದ ನೀರು ಚಿಮುಕಿಸಿ, ನಾದಿ, ಇಣಿಯನ್ನು ಮತ್ತೆ ಕೂಡಿಸಿದಳು. ಒಣಗಿದ ಮೇಲೆ ಸಂದಿಯಲ್ಲಿ ಬಿರುಕು ಬಿಡುತ್ತದೆಂದು ಅವಳಿಗೆ ಗೊತ್ತಿತ್ತು.

ಮಕ್ಕಳು ತಂದ ಮಾದರಿಗಳನ್ನೆಲ್ಲ ಸೋಮವಾರ ಹೊರಗೆ ಹಾಕಲು ಹೇಳಿದ್ದಾರೆ, ಒಯ್ಯುತ್ತೀರೇನು ಎಂದು ದಯಾವತಿ ಕೇಳಿದಳು. ಮನೆಯಲ್ಲಿ ಇದನ್ನು ಎಲ್ಲಿಡುವುದು ಎಂದು ಬಾಳವ್ವ ಯೋಚಿಸಿದಳು. ಅಟ್ಟ ಗುರುಪಾದನದು, ಕಪಾಟು ಸೌಂದರ್ಯಾಳದು, ದೇವರ ಕೋಣೆ ದೇವರದು.

"ಕಸಬರಿಗಿ ಇಡೋ ಕೋಣ್ಯಾಗ ಒಂದು ಹಲಗಿ ಖಾಲಿ ಐತ್ರಿ," ಎಂದಳು ದಯಾವತಿ. "ಅಲ್ಲಿಗೆ ನನ್ನ ಬಿಟ್ರ ಯಾರೂ ಬರಂಗಿಲ್ಲ."

ಇಬ್ಬರೂ ಕೂಡಿ ಅದನ್ನು ಎತ್ತಿ ಅಲ್ಲಿಟ್ಟರು, ಮುಖ ಬಾಗಿಲ ಕಡೆಗೆ.

ಬಾಳವ್ವ ಮನೆ ಸೇರಿದಾಗ ಗದಗಿನವರು ಹೊರಟುಹೋಗಿದ್ದರು. ಸೌಮ್ಯಾ ಬಹುಮಾನದ ಫೋಟೋ ತೋರಿಸಲು ಓಡಿ ಬಂದಳು. ಗುರುಪಾದ ಮಾತ್ರ, ಚಹಾ ಇಲ್ಲದೆ ಅವರನ್ನು ಕಳಿಸಬೇಕಾಯಿತು, ಎಲ್ಲಿ ಹೋಗಿದ್ದಿ ಎಂದು ಕೇಳಿದ. ಉತ್ತರಕ್ಕೆ ಕಾಯದೆ ಫೋನಿನ ಕಡೆ ತಿರುಗಿದ.

ಬಾಳವ್ವ ಸೀರೆ ಬದಲಿಸಿ ಮುಸುರೆಯ ಮುಂದೆ ಕೂತಳು. ಉಗುರ ಸಂದಿಯಲ್ಲಿ ಮಣ್ಣು ಇತ್ತು. ಅದು ಹೋಗದ ಹಾಗೆ, ಬೆರಳ ತುದಿ ಮೇಲೆ ಮಾಡಿಕೊಂಡು, ಅಂಗೈಯಿಂದಲೇ ಪಾತ್ರೆ ತಿಕ್ಕತೊಡಗಿದಳು.