ಅವಳ ಹರಕೆ, ನನ್ನ ನಂಬರು

ಕಳೆದ ತಿಂಗಳು ಒಂದು ಬೆಳಿಗ್ಗೆ ಬಿಜೈ ಮಾರ್ಕೆಟಿನಲ್ಲಿ ಬಸಳೆ ಕಟ್ಟು ಆರಿಸುತ್ತಿದ್ದಾಗ ಫೋನು ಬಂತು.

"ಸುಗಂಧಿ ಅಂತ ಉಂಟಾ?" ಗಂಡಸಿನ ಧ್ವನಿ.

"ಇಲ್ಲ."

"ನಂಬರ್ ತಪ್ಪಾ?"

"ನಂಬರ್ ಸರಿ ಉಂಟು. ಅವಳು ಹೋಗಿ ನಾಲ್ಕು ವರ್ಷ ಆಯ್ತು. ನಾನು ಗಂಡ."

ಆಚೆ ಕಡೆ ಪುಸ್ತಕದ ಹಾಳೆ ಮಗುಚುವ ಸದ್ದು. ಆಮೇಲೆ ಅವರು ಮೆಲ್ಲಗೆ ವಿಷಯ ಹೇಳಿದರು. ಅವರು ದೇವಸ್ಥಾನವೊಂದರ ಯಕ್ಷಗಾನ ಮೇಳದ ಆಫೀಸಿನವರು. ಸುಗಂಧಿ ಹದಿಮೂರು ವರ್ಷದ ಹಿಂದೆ ಒಂದು ಹರಕೆ ಆಟ ಬರೆಸಿದ್ದಾಳೆ. ಈ ಸಲ ಅವಳ ಸರದಿ. ಆಡಿಸುವುದೋ, ಬಿಡುವುದೋ ಸೋಮವಾರದೊಳಗೆ ಹೇಳಬೇಕು. ಹಿಂದೆ ಕಾಯುವವರು ತುಂಬ ಜನ ಇದ್ದಾರೆ.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಕಷ್ಟ ಬಂದಾಗ ದೇವಿಯಲ್ಲಿ ಹೇಳಿಕೊಳ್ಳುತ್ತಾರೆ: ಇದೊಂದು ಆಗಲಿ, ನಿನ್ನ ಮೇಳದ ಒಂದು ಆಟ ಆಡಿಸುತ್ತೇನೆ ಎಂದು. ಆಟ ಎಂದರೆ ಯಕ್ಷಗಾನ ಪ್ರದರ್ಶನ. ಆದ ಮೇಲೆ ಹೋಗಿ ಹೆಸರು ಬರೆಸುತ್ತಾರೆ. ಬರೆಸಿದ ಕೂಡಲೇ ಆಟ ಸಿಗುವುದಿಲ್ಲ. ತೊಟ್ಟಿಲಲ್ಲಿದ್ದ ಮಗು ಹೈಸ್ಕೂಲಿಗೆ ಹೋಗುವಷ್ಟು ಹೊತ್ತಿಗೆ ಪಾಳಿ ಬರುತ್ತದೆ.

ಆದ ಮೇಲೆ ಬರೆಸುತ್ತಾರೆ. ನನ್ನನ್ನು ಬಸಳೆ ಬುಟ್ಟಿಯ ಪಕ್ಕದಲ್ಲಿ ನಿಲ್ಲಿಸಿಬಿಟ್ಟದ್ದು ಅದೇ. ಹದಿಮೂರು ವರ್ಷದ ಹಿಂದೆ ನನ್ನ ಹೆಂಡತಿ ಏನನ್ನೋ ಬೇಡಿಕೊಂಡಿದ್ದಳು. ಅದು ಅವಳಿಗೆ ಸಿಕ್ಕಿತ್ತು ಕೂಡ. ಏನದು?

ಅದನ್ನೇ ಕೇಳಿದೆ. "ಎಂತಕ್ಕೆ ಅಂತ ನಾವು ಬರೆದಿಡುವುದಿಲ್ಲ ಸರ್. ಅದು ಅವರಿಗೂ ಅಮ್ಮನಿಗೂ ಸೇರಿದ್ದು" ಎಂದರು.

(ಕೊಟ್ಟ ನಂಬರು ಮಾತ್ರ ನನ್ನದು. ಆಗ ಅವಳಲ್ಲಿ ಮೊಬೈಲ್ ಇರಲಿಲ್ಲ. ಒಂದು ದಿನ ಈ ಕರೆ ನನಗೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತಲ್ಲವೇ?)

ನಾನು ದೇವರನ್ನು ನಂಬುವವನಲ್ಲ. ಈ ಅಂಕಣ ಓದುವವರಿಗೆ ಅದು ಹೊಸ ಸುದ್ದಿಯೂ ಅಲ್ಲ. ಮಂಗಳೂರಿನಲ್ಲಿ ನಾಸ್ತಿಕನಾಗಿ ಬದುಕುವುದು ಅಂಥ ಕಷ್ಟವೇನಲ್ಲ. ಯಾರೂ ಹೊಡೆದಿಲ್ಲ (ಇಷ್ಟರವರೆಗೆ). ಸಿಟಿ ಬಸ್ಸಿನಲ್ಲಿ ಊದುಬತ್ತಿ ಹೊಗೆ ಕುಡಿದು ಆಫೀಸಿಗೆ ಹೋಗುತ್ತಿದ್ದೆ. ಯಾವ ಸಭೆಯಾದರೂ ಮೊದಲು ಪ್ರಾರ್ಥನೆ; ಎಲ್ಲರೊಟ್ಟಿಗೆ ಏಳುತ್ತೇನೆ, ಕೂರುತ್ತೇನೆ. ನಮ್ಮ ಮಣ್ಣಗುಡ್ಡದ ಫ್ಲ್ಯಾಟಿನಲ್ಲಿ ಹೊಸ ಪಂಪು ಕೂರಿಸಿದರೂ ತೆಂಗಿನಕಾಯಿ ಒಡೆಯಬೇಕು. ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ನೆಂಟರ ಜೊತೆ ದೇವಸ್ಥಾನಕ್ಕೆ ಹೋದರೆ ಹೊರಗೆ ನಿಂತು ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತೇನೆ. ನಿಷ್ಠೆಯಿಂದಲೇ ಕಾಯುತ್ತೇನೆ. ಕಷ್ಟ ಎಲ್ಲಿ ಎಂದರೆ, ಎಲ್ಲರೂ ಒಳಗೆ ಹೋದ ಮೇಲೆ ಹೊರಗೆ ಮಾತಿಗೆ ಜನ ಸಿಗುವುದಿಲ್ಲ.

ಸುಗಂಧಿ ಒಳಗೆ ಹೋಗುವವಳು. ಬಂದ ಮೇಲೆ ನಾನು ಕೇಳುತ್ತಿದ್ದದ್ದು ಒಂದೇ: "ಎಂತ ಹೇಳಿದರು ನಿನ್ನ ದೇವರು?" ಅವಳು ನಗುತ್ತಿದ್ದಳು. ಅದನ್ನು ತಮಾಷೆ ಎಂದೇ ನಾನು ಮೂವತ್ತು ವರ್ಷ ತಿಳಿದುಕೊಂಡಿದ್ದೆ.

ಮನೆಗೆ ಬಂದು ಹುಡುಕಲು ಶುರುಮಾಡಿದೆ. ಅವಳು ಹಳೆಯ ಕ್ಯಾಲೆಂಡರುಗಳನ್ನು ಬಿಸಾಡುತ್ತಿರಲಿಲ್ಲ, ಅಡುಗೆಮನೆಯ ಶೆಲ್ಫಿಗೆ ಹಾಸುತ್ತಿದ್ದಳು. ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಮೆಂತೆಯ ಡಬ್ಬಿಯ ಅಡಿಯಲ್ಲಿ ಆ ವರ್ಷ, ಆ ತಿಂಗಳು ಸಿಕ್ಕಿತು. ಆಟ ಬರೆಸಿದ ತಾರೀಕನ್ನು ಆಫೀಸಿನವರು ಹೇಳಿದ್ದರು. ಆ ಚೌಕದಲ್ಲಿ ಅವಳ ಗುಂಡು ಅಕ್ಷರ: "ಗ್ಯಾಸ್ ಬಂತು."

ಅಷ್ಟೇ. ಗ್ಯಾಸ್ ಬಂದದ್ದಕ್ಕೆ ಯಾರಾದರೂ ಆಟ ಆಡಿಸುತ್ತಾರಾ?

ಆ ವರ್ಷ ನಮಗೇನಾಗಿತ್ತು ಎಂದು ನೆನಪು ಮಾಡಿಕೊಂಡೆ. ನನಗೆ ಸೈನಸ್ ಆಪರೇಷನ್ ಆಗಿದ್ದು ಅದರ ಹಿಂದಿನ ವರ್ಷ. ಮಗಳಿಗೆ ಕೆಲಸ ಸಿಕ್ಕಿದ್ದು ಅದರ ಮುಂದಿನ ವರ್ಷ. ಆ ವರ್ಷದ್ದೆಂದು ನೆನಪಿಗೆ ಬರುವುದು ನನ್ನವೇ ಸಂಗತಿಗಳು: ನಾನು ಮಾಡಿದ ಎರಡು ಭಾಷಣ, ಆಫೀಸಿನಲ್ಲಿ ಆದ ಒಂದು ಜಗಳ. ಮಗಳಿಗೆ ಫೋನು ಮಾಡಿದೆ. ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಪಡೀಲಿಗೆ ಹೋದೆ, ಸುಗಂಧಿಯ ತಂಗಿ ವಾರಿಜಳ ಮನೆಗೆ. ಆಟ ಬರೆಸಲು ಇಬ್ಬರೂ ಒಟ್ಟಿಗೇ ಹೋಗಿದ್ದರಂತೆ. ನನ್ನಲ್ಲಿ ಆ ದಿನ "ತಂಗಿ ಮನೆಗೆ" ಎಂದು ಹೇಳಿ ಹೊರಟಿರಬೇಕು, ಸುಳ್ಳೇನಲ್ಲ. ವಾರಿಜ ದಾರಿಯಲ್ಲಿ ಕೇಳಿದ್ದಕ್ಕೆ ಅಕ್ಕ, "ನನ್ನದೊಂದು ಆಯ್ತು, ಸಾಕು" ಎಂದಷ್ಟೇ ಹೇಳಿದಳಂತೆ. ಬಸ್ಸಿನಲ್ಲಿ ಸ್ವಲ್ಪ ಅತ್ತಳಂತೆ. ಖುಷಿಯಲ್ಲಿ.

"ನನ್ನ ಹತ್ತಿರ ಯಾಕೆ ಹೇಳಲಿಲ್ಲ ಅವಳು?"

"ಹೇಳಿದ್ರೆ ನೀವು ಅರ್ಧ ಗಂಟೆ ಭಾಷಣ ಮಾಡ್ತಿದ್ರಿ ಭಾವ" ಎಂದು ವಾರಿಜ ಚಹಾ ಮುಂದಿಟ್ಟಳು. ಬೈಗುಳದ ಧ್ವನಿಯಲ್ಲ. ಬಿಸಿ ಉಂಟು, ನೋಡಿ ಕುಡಿಯಿರಿ ಎನ್ನುವ ಧ್ವನಿ.

ಸೋಮವಾರ ಫೋನು ಮಾಡಿ ಆಡಿಸುತ್ತೇನೆ ಎಂದೆ. ಯಾಕೆ? ನನ್ನ ಹಳೆಯ ಗೆಳೆಯನೂ ಇದನ್ನೇ ಕೇಳಿದ. ಒಂದು ಕಾಲದಲ್ಲಿ ಒಟ್ಟಿಗೆ ಪವಾಡ ಬಯಲು ಮಾಡಲು ಶಾಲೆ ಶಾಲೆ ತಿರುಗಿದವರು ನಾವು. "ನೀನೂ ಜಾರಿದೆಯಾ ಮಾರಾಯ?" ಎಂದ. ನಂಬಿಕೆ ಅವಳದು, ಆದರೆ ಕೊಟ್ಟ ಮಾತೊಂದು ಬಾಕಿ ಉಂಟು, ತಲುಪಿಸಿ ಬರುತ್ತೇನೆ ಎಂದು ವಿವರಿಸಿದೆ. ಅವನು ಆಟಕ್ಕೆ ಬರಲಿಲ್ಲ. ಫೋನೂ ಕಡಿಮೆಯಾಗಿದೆ.

ಬಂದವರು ಬೇರೆಯವರು. ಆಮಂತ್ರಣ ಹಂಚಿದ್ದೇ ತಡ, ಇಷ್ಟು ವರ್ಷ ಲಿಫ್ಟಿನಲ್ಲಿ ಮೇಲೆ ಕೆಳಗೆ ನೋಡಿಕೊಂಡು ಹೋಗುತ್ತಿದ್ದ ಮೂರನೇ ಮಹಡಿಯವರು ಮನೆಗೇ ಬಂದು, ಊಟಕ್ಕೆ ಬಡಿಸಲು ಎಷ್ಟು ಜನ ಬೇಕು ಎಂದು ಕೇಳಿದರು. ಎದುರು ಮನೆಯ ಹೆಂಗಸು ಸುಗಂಧಿಯ ಹೆಸರು ಹೇಳಿ ಕಣ್ಣೊರೆಸಿಕೊಂಡರು. ಅವಳು ಸತ್ತಾಗ ಇವರೆಲ್ಲ ಎಲ್ಲಿದ್ದರು? ಇದ್ದರು. ಹನ್ನೊಂದನೇ ದಿನ, ಹದಿಮೂರನೇ ದಿನ ಎಂದು ಏನನ್ನೂ ಇಟ್ಟುಕೊಳ್ಳದ ಮನೆಗೆ ಯಾವಾಗ ಬರಬೇಕೆಂದು ತಿಳಿಯದೆ ಉಳಿದಿದ್ದರು. ನನ್ನ ಬಾಗಿಲು ತೆರೆದೇ ಇತ್ತು ಎಂದು ನಾನು ಅಂದುಕೊಂಡಿದ್ದೆ.

ಆಟದ ದಿನ ಸಂಜೆ ಚೌಕಿಪೂಜೆ. ಚೌಕಿ ಎಂದರೆ ಕಲಾವಿದರು ವೇಷ ಹಾಕುವ ಜಾಗ. ಆಟಕ್ಕೆ ಮೊದಲು ಅಲ್ಲಿ ದೇವರನ್ನಿಟ್ಟು ಪೂಜೆ ಮಾಡಿ, ಆಡಿಸುವವರ ಪರವಾಗಿ ಭಟ್ಟರು ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ಅರ್ಧ ಬಣ್ಣ ಹಚ್ಚಿದ ಮುಖಗಳು, ನೆರೆಹೊರೆಯವರು, ವಾರಿಜ, ಬೇರೆ ಊರಿನಿಂದ ಬಂದ ಮಗಳು, ಎಲ್ಲರೂ ಕೈಮುಗಿದು ನಿಂತರು. ನನ್ನ ಕೈಗಳನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಹಿಂದೆ ಕಟ್ಟಿದೆ. ಬಿಟ್ಟೆ. ಕೊನೆಗೆ ವೇಷ್ಟಿಯ ಅಂಚು ಹಿಡಿದುಕೊಂಡೆ.

ಭಟ್ಟರು ನನ್ನ ಕಡೆ ತಿರುಗಿದರು. ವಯಸ್ಸಾದವರು. ಹರಕೆ ಎಂತದ್ದೆಂದು ಹೇಳಿದರೆ ಅದನ್ನೂ ಸೇರಿಸಿ ಪ್ರಾರ್ಥನೆ ಮಾಡಬಹುದು ಎಂದರು.

"ನನಗೆ ಗೊತ್ತಿಲ್ಲ" ಎಂದೆ. ಎಲ್ಲರಿಗೂ ಕೇಳಿಸಿತು.

ಅವರಿಗೆ ಅದೊಂದು ದೊಡ್ಡ ವಿಷಯವೇ ಆಗಲಿಲ್ಲ. "ತೊಂದರೆ ಇಲ್ಲ" ಎಂದು ಹೂವು ಕೈಗೆತ್ತಿಕೊಂಡರು. "ಅವರಿಗೆ ಗೊತ್ತುಂಟು, ಅಮ್ಮನಿಗೆ ಗೊತ್ತುಂಟು. ಗೊತ್ತಿಲ್ಲದ್ದು ನಿಮಗೊಬ್ಬರಿಗೆ ಅಲ್ವಾ?"

ಸಮಾಧಾನಕ್ಕೆಂದೇ ಹೇಳಿದ ಮಾತದು. ಅವರು ಪ್ರಾರ್ಥನೆ ಮುಗಿಸಿದರು, ಚೆಂಡೆಗೆ ಪೆಟ್ಟು ಬಿತ್ತು, ಜನ ಕುರ್ಚಿ ಹಿಡಿಯಲು ಓಡಿದರು. ನಾನು ಅಲ್ಲೇ ನಿಂತಿದ್ದೆ.

ದೇವರಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಆ ವರ್ಷ ನಮ್ಮ ಮನೆಯಲ್ಲಿ ನಾನಾದರೂ ಇದ್ದೆನೇ?