ಮೈದಾನದ ಕುಂಭಕರ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಕೋಲ್ಕತ್ತಾ ಕಾದ ಹೆಂಚಾಗುತ್ತದೆ; ಈಗ ಮಾತ್ರ ಗಂಗೆಯ ಕಡೆಯಿಂದ ಒಂದಿಷ್ಟು ತಂಪು ಗಾಳಿ ಮೈದಾನಕ್ಕೆ ಬೀಸುತ್ತಿದೆ. ಬೇಲ್‌ಪುಕುರ್ ಸಮ್ಮಿಲನಿ ಫುಟ್‌ಬಾಲ್ ಕ್ಲಬ್ಬಿನ ಡೇರೆಯ ಹಿಂದೆ ಅರ್ತತ್ರಾಣ ಸ್ವಾಯಿಂ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಿದ್ದಾರೆ. ಕೋಲಿನಿಂದ ತಿರುವುತ್ತಾರೆ, ಎರಡು ಬೆರಳಲ್ಲಿ ಎತ್ತಿ ನೋಡುತ್ತಾರೆ, ಇನ್ನೊಂದು ಚೊಂಬು ನೀರು ಸುರಿಯುತ್ತಾರೆ. ಗೋಲಿನೊಳಗೆ ನಿಂತು ಹುಲ್ಲು ಮೇಯುತ್ತಿರುವ ಮೇಕೆಗಳು ಅವರಿಗೆ ಹಳೆಯ ಪರಿಚಯ. "ಆಫ್‌ಸೈಡ್, ಆಫ್‌ಸೈಡ್" ಎನ್ನುತ್ತ ಅಟ್ಟಿಕೊಂಡು ಹೋದರೆ ಅವೂ ಗಡಿಬಿಡಿಯಿಲ್ಲದೆ ಪಕ್ಕದ ಕ್ಲಬ್ಬಿನ ಗೋಲಿಗೆ ಹೋಗಿ ನಿಲ್ಲುತ್ತವೆ.

ಇವತ್ತು ಬಂಗಾಳಿ ಹೊಸ ವರ್ಷ. ಮೈದಾನದ ಕ್ಲಬ್ಬುಗಳಲ್ಲಿ ಬಾರ್ ಪೂಜೆ. ಗೋಲಿನ ಅಡ್ಡಕಂಬಕ್ಕೆ ಸ್ನಾನ ಮಾಡಿಸಿ, ಸಿಂಧೂರ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಹೊಸ ಚೆಂಡನ್ನು ಕಂಬದ ಬುಡದಲ್ಲಿಟ್ಟು ಪುರೋಹಿತರು ಮಂತ್ರ ಹೇಳುತ್ತಾರೆ. ಅದಾದ ಮೇಲೆಯೇ ಹೊಸ ಋತುವಿನ ಆಟ. ಕಂಬಕ್ಕೆ ಬಣ್ಣ ಬಳಿದು, ಹರಿದ ಬಲೆಯನ್ನು ಹೊಲಿದು, ಗೆರೆ ಎಳೆದು ದೇವರು ಬರುವ ಹಾಗೆ ಮಾಡುವವರು ಅರ್ತತ್ರಾಣ. ಪೂಜೆಯ ಹೊತ್ತಿಗೆ ಅವರು ಮಾತ್ರ ಹಿಂದಿನ ಸಾಲಿನಲ್ಲೂ ಕಾಣುವುದಿಲ್ಲ. ಪೂರಿಯಂಥ ಲುಚಿ ಕರಿಯುವ ಒಲೆಯ ಹತ್ತಿರ ಇರುತ್ತಾರೆ.

ಇಲ್ಲಿ ಅವರನ್ನು ಮಾಲಿ ಅನ್ನುತ್ತಾರೆ. ಹೂಗಿಡಕ್ಕೆ ನೀರು ಹಾಕುವ ಕೆಲಸ ಅಂದುಕೊಂಡರೆ ಮೋಸ ಹೋದಿರಿ. ಹುಲ್ಲು ಕತ್ತರಿಸುವುದು, ಮಳೆ ಬಿದ್ದ ದಿನ ಗೋಣಿಚೀಲದಿಂದ ನೀರು ಹಿಂಡಿ ತೆಗೆಯುವುದು, ಕೆಸರು ಮೆತ್ತಿದ ಜೆರ್ಸಿಗಳನ್ನು ಒಗೆದು ಗೋಲಿನಿಂದ ಗೋಲಿಗೆ ಕಟ್ಟಿದ ಹಗ್ಗದ ಮೇಲೆ ಒಣಹಾಕುವುದು, ಬೂಟಿಗೆ ಮೊಳೆ ಹೊಡೆಯುವುದು, ವಿರಾಮದಲ್ಲಿ ನಿಂಬೆಹಣ್ಣಿನ ಶರಬತ್ತು, ಸೋತ ಸಂಜೆ ಬಾಗಿಲು ಹಾಕಿಕೊಂಡು ಅಳುವ ಗೋಲ್‌ಕೀಪರಿಗೆ ಚಹಾ, ಎಲ್ಲಾ ಅವರ ಲೆಕ್ಕಕ್ಕೇ. ಸುಣ್ಣದಿಂದ ಬೆರಳ ಸಂದಿಗಳು ಒಡೆದಿವೆ. ಸಾಸಿವೆ ಎಣ್ಣೆ ಸವರಿಕೊಳ್ಳುತ್ತಾರೆ. ಮಂಡಿ ಈಗ ಮಾತು ಕೇಳುತ್ತಿಲ್ಲ. "ಗೆರೆ ಎಳೆಯೋವಾಗ ನೋವಿಲ್ಲ, ನಿಂತ ಮೇಲೆ ನೋವು. ಅದಕ್ಕೇ ನಿಲ್ಲೋದಿಲ್ಲ" ಎಂದು ನಗುತ್ತಾರೆ.

ಮೈದಾನದ ಮಾಲಿಗಳಲ್ಲಿ ಬಹುಪಾಲು ಒಡಿಶಾದವರು. ಅರ್ತತ್ರಾಣರದು ಕೇಂದ್ರಾಪಡಾ ಕಡೆಯ ಒಂದು ಹಳ್ಳಿ. ಮೀಸೆ ಚಿಗುರುವ ಮೊದಲೇ ಚಿಕ್ಕಪ್ಪನ ಹಿಂದೆ ರೈಲು ಹತ್ತಿ ಬಂದು, ಬೂಟುಗಳ ವಾಸನೆಯ ಈ ಡೇರೆಯ ಹಿಂಬದಿ ಕೋಣೆಯಲ್ಲಿ ಚಾಪೆ ಹಾಸಿದವರು ಇನ್ನೂ ಅಲ್ಲೇ ಇದ್ದಾರೆ. ಹೆಂಡತಿ ಕುಂಜಲತಾ ಊರಿನಲ್ಲಿ. ಆಟದ ಋತುವಿನಲ್ಲಿ ಮಾಲಿಗೆ ರಜೆಯಿಲ್ಲ. ತಾಯಿ ತೀರಿಕೊಂಡ ವರ್ಷವೂ ರಜೆ ಕೇಳಿದ್ದರು. ಪಂದ್ಯ ಮುಗಿಯಲಿ ಅಂದರು ಕ್ಲಬ್ಬಿನವರು. ಪಂದ್ಯ ಮುಗಿಯುವಷ್ಟರಲ್ಲಿ ಊರಿನಿಂದ ಬಂದವನೊಬ್ಬ, ಎಲ್ಲಾ ಆಗಿಹೋಯಿತು, ನಿನ್ನ ತಮ್ಮನೇ ಬೆಂಕಿ ಕೊಟ್ಟ ಎಂದು ಹೇಳಿದ. ಈ ಮಾತು ಹೇಳುವಾಗ ಮಾತ್ರ ಅವರು ಕೆಲಸ ನಿಲ್ಲಿಸುತ್ತಾರೆ.

ಇಷ್ಟು ದುಡಿಯುವ, ಕಾಗೆಗಿಂತ ಮೊದಲು ಏಳುವ ಈ ಮನುಷ್ಯನನ್ನು ಇಡೀ ಕ್ಲಬ್ಬು ಕರೆಯುವುದು ಕುಂಭಕರ್ಣದಾ, ಅಂದರೆ ಕುಂಭಕರ್ಣಣ್ಣ, ಎಂದು.

ಅದರ ಕಥೆ ಕೇಳಬೇಕಾದರೆ ಸಂಜೆ ಡೇರೆಯ ಮುಂದಿನ ಬೆಂಚುಗಳ ಹತ್ತಿರ ಹೋಗಬೇಕು. ಹಳೆಯ ಅಭಿಮಾನಿಗಳು ಸೇರಿದರೆ ಮಾತು ಎಲ್ಲೇ ಶುರುವಾಗಲಿ, ಕೊನೆಗೆ ಬರುವುದು ಒಂದೇ ಜಾಗಕ್ಕೆ: ಸುಬಿಮಲ್ ಘೋಷಾಲ್ ಹೋದ ಸುದ್ದಿ ಬಂದಾಗ ನೀನೆಲ್ಲಿದ್ದೆ? ಸುಬಿಮಲ್ ಸಮ್ಮಿಲನಿಯ ಮುಂಚೂಣಿ ಆಟಗಾರ, ಆ ಕಾಲದ ಇವರ ಕಣ್ಮಣಿ. ಒಂದು ದಿನ ಎದುರಾಳಿ ಕ್ಲಬ್ಬಿಗೆ ಸಹಿ ಹಾಕಿಬಿಟ್ಟರು. ನಿವೃತ್ತ ಟ್ರಾಮ್ ಕಂಡಕ್ಟರ್ ಪ್ರಿಯನಾಥ ಹಾಜ್ರಾ ಆವತ್ತು ಕೆಲಸದ ಮೇಲಿದ್ದರಂತೆ. ಸುದ್ದಿ ಕೇಳಿ ಟಿಕೆಟ್ ಕೊಡುವುದೇ ಮರೆತರಂತೆ. ಆ ಟ್ರಾಮಿನ ಜನರೆಲ್ಲ ಪುಕ್ಕಟೆಯಾಗಿ ಮನೆ ಸೇರಿದರಂತೆ. ಇನ್ನೊಬ್ಬರದು ಆವತ್ತೇ ಮದುವೆ. ಮದುಮಗ ಬಿಕ್ಕಿಬಿಕ್ಕಿ ಅಳುವುದನ್ನು ಕಂಡು, ಇವನ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆ ಎಂದು ಹೆಣ್ಣಿನ ಕಡೆಯವರು ಹೆದರಿದರಂತೆ. ಅದೇನೂ ಸುಳ್ಳಲ್ಲ ಬಿಡಿ. ಆಗ ಹುಟ್ಟೇ ಇರದವರು ಸಹ ತಮ್ಮಪ್ಪ ಎಲ್ಲಿದ್ದ ಎಂದು ಹೇಳಿ ಪಾಲು ತೆಗೆದುಕೊಳ್ಳುತ್ತಾರೆ.

ಸುತ್ತು ಮುಗಿದ ಮೇಲೆ ಪ್ರಿಯನಾಥ ಬಾಬು ಒಳಗೆ ತಿರುಗಿ ಕೂಗುತ್ತಾರೆ: "ಕುಂಭಕರ್ಣದಾ, ನೀನೆಲ್ಲಿದ್ದೆ ಆವತ್ತು?" ಅರ್ತತ್ರಾಣ ಬಾಯಿ ತೆರೆಯುವ ಮೊದಲೇ ಬೆಂಚುಗಳೆಲ್ಲ ಒಟ್ಟಿಗೆ ಉತ್ತರ ಕೊಡುತ್ತವೆ: "ಹಾಸಿಗೆ ಮೇಲೆ!" ಅವರೂ ನಕ್ಕು ಚಹಾ ಲೋಟ ಎತ್ತಿಕೊಂಡು ಹೋಗುತ್ತಾರೆ.

ಆ ಕಾಲದಲ್ಲಿ ಆಟಗಾರರು ಕ್ಲಬ್ ಬದಲಿಸಲು ವರ್ಷಕ್ಕೆ ಕೆಲವೇ ದಿನಗಳಿದ್ದವು. ಆ ದಿನಗಳಲ್ಲಿ ಒಳ್ಳೆಯ ಆಟಗಾರನನ್ನು ಬೀದಿಗೆ ಬಿಡುವ ಹಾಗಿರಲಿಲ್ಲ. ಎದುರಾಳಿಗಳು ಎತ್ತಿಕೊಂಡು ಹೋಗಿ ಸಹಿ ಹಾಕಿಸಿಬಿಡುತ್ತಿದ್ದರು. ಆದ್ದರಿಂದ ಸ್ವಂತ ಕ್ಲಬ್ಬಿನವರೇ ಮೊದಲು ಎತ್ತಿಕೊಂಡು ಹೋಗಿ ಬಚ್ಚಿಡುತ್ತಿದ್ದರು. ಸುಬಿಮಲ್‌ರನ್ನು ಬಚ್ಚಿಟ್ಟದ್ದು ಚಂದನನಗರದ ಒಂದು ಮನೆಯ ಮಹಡಿಯಲ್ಲಿ. ಅಡುಗೆಗೂ ಕಾವಲಿಗೂ ಅರ್ತತ್ರಾಣ. ಒಂದು ಮಧ್ಯಾಹ್ನ ಹಕ್ಕಿ ಹಾರಿಹೋಯಿತು. ಏನು ಮಾಡುತ್ತಿದ್ದೆ ಎಂದು ಕಾರ್ಯದರ್ಶಿ ಗದರಿದಾಗ ಅರ್ತತ್ರಾಣ, ಊಟ ಮಾಡಿ ಕಣ್ಣು ಮುಚ್ಚಿಬಿಟ್ಟೆ ಬಾಬು, ಅಂದರು. ಹೆಸರು ಬಿತ್ತು.

ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ, ಒಡೆಯುವುದೂ ಇಲ್ಲ ಎನ್ನಬಹುದು. ಆದರೆ ಹೆಸರಿನ ಹಿಂದೆಯೇ ಇನ್ನೊಂದು ಮಾತು ಹುಟ್ಟಿತು: ಮಲಗಿದ್ದಲ್ಲ, ದುಡ್ಡು ತಗೊಂಡು ಮಲಗಿದ್ದು. ಅದು ಬೇರೆ ಮಾಲಿಗಳ ಜೊತೆ ರೈಲು ಹತ್ತಿ ಊರನ್ನೂ ಮುಟ್ಟಿತು. ಮಗಳ ಮದುವೆ ಮಾತುಕತೆಗೆ ಬಂದವರು ಎಲೆ ಅಡಿಕೆ ಹಾಕಿಕೊಳ್ಳುತ್ತ, ಆ ಮಲಗಿದವರು ನೀವೇನಾ ಎಂದು ಕೇಳಿ ಎದ್ದುಹೋದರು. ಕುಂಜಲತಾ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರಂತೆ: "ಬೆಕ್ಕು ಓಡಾಡಿದ್ರೂ ಎದ್ದು ಕೂರ್ತೀರಿ. ಆವತ್ತೊಂದು ದಿನ ಅದ್ಯಾವ ನಿದ್ದೆ ಬಂತು ನಿಮಗೆ?" ಅವರಿಗೂ ಅದೇ ಮಾತು ಹೇಳಿದರು: ಕಣ್ಣು ಮುಚ್ಚಿಬಿಟ್ಟೆ.

ಅರ್ತತ್ರಾಣ ಮಲಗಿರಲಿಲ್ಲ. ಹಾಲಿನವನ ಕೈಲಿ ಮನೆಯಿಂದ ಸುದ್ದಿ ಬಂದಿತ್ತು, ಸುಬಿಮಲ್‌ರ ತಾಯಿ ರಕ್ತ ಕಾರುತ್ತಿದ್ದಾರೆಂದು. ಸಂಜೆಯೊಳಗೆ ಬಂದುಬಿಡ್ತೀನಿ ಅಂದರು ಸುಬಿಮಲ್. ಅಮ್ಮನ ಕಾಯಿಲೆಯ ಮಾತು ಯಾರ ಕಿವಿಗೂ ಬೀಳಬಾರದು, ಕ್ಲಬ್ಬಿನವರೂ ಪೇಪರಿನವರೂ ಬಂದು ಮುತ್ತಿಕೊಳ್ಳುತ್ತಾರೆ ಎಂದೂ ಹೇಳಿದರು. ಅರ್ತತ್ರಾಣ ಮಾತು ಕೊಟ್ಟರು. ಸಂಜೆಯಾಯಿತು, ಸುಬಿಮಲ್ ಬರಲಿಲ್ಲ. ಕೊಟ್ಟ ಮಾತು ಮಾತ್ರ ಇವರ ಹತ್ತಿರವೇ ಉಳಿಯಿತು. ಅದನ್ನು ಬಿಡಿಸಬಲ್ಲವರು ಸುಬಿಮಲ್ ಒಬ್ಬರೇ, ಮತ್ತು ಅವರು ಅಂದಿನಿಂದ ಈ ಡೇರೆಯ ಕಡೆ ತಲೆ ಹಾಕಿಲ್ಲ.

ಇವತ್ತು ಬರುತ್ತಿದ್ದಾರೆ. ಹಳೆಯ ಆಟಗಾರರನ್ನೆಲ್ಲ ಬಾರ್ ಪೂಜೆಗೆ ಕರೆಯೋಣವೆಂದು ಈಗಿನ ಸಮಿತಿ ನಿರ್ಧರಿಸಿ, ಜಮ್‌ಶೇಡ್‌ಪುರದಲ್ಲಿ ಮಗಳ ಮನೆಯಲ್ಲಿರುವ ಸುಬಿಮಲ್‌ರಿಗೂ ಫೋನು ಮಾಡಿದೆ. ಬೆಂಚಿನವರಲ್ಲಿ ಅರ್ಧ ಜನಕ್ಕೆ ಸಿಟ್ಟು, ಅರ್ಧ ಜನಕ್ಕೆ ನೋಡುವ ಆಸೆ. ಅರ್ತತ್ರಾಣರಿಗೆ ಏನು ಎಂದು ಯಾರೂ ಕೇಳಿಲ್ಲ. ಕೇಳಿದರೆ ಗೆರೆಯ ದಾರ ಬಿಗಿಯುತ್ತ ಮೆಲ್ಲಗೆ ಹೇಳುತ್ತಾರೆ: "ಗುರುತು ಹಿಡೀಲಿ ಸಾಕು. ಮಿಕ್ಕಿದ್ದು ಅವರ ಮನಸ್ಸು. ಅವರಾಗಿ ಹೇಳದೇ ಇದ್ರೆ ನಾನು ಹೇಳೋನಲ್ಲ, ಹೀಗೇ ಹೋಗ್ತೀನಿ." ಇಂದು ಎಳೆದ ಗೆರೆ ಒಂದು ಕಡೆ ಸೊಟ್ಟಗಾಗಿದೆ. ಅಳಿಸಿ ಮತ್ತೆ ಎಳೆಯುತ್ತಾರೆ.

ಸುಬಿಮಲ್ ಬರುವಾಗ ಶಂಖ ಊದಿಯಾಗಿದೆ. ಪೂರ್ತಿ ನೆರೆತ ಕೂದಲು. ಬಲಗಾಲು ಎಳೆದು ನಡೆಯುತ್ತಾರೆ. ಚಪ್ಪಾಳೆ ಬೀಳುವುದಿಲ್ಲ, ಯಾರೂ ಕೂಗುವುದೂ ಇಲ್ಲ. ನಾಯಕ ಅಡ್ಡಕಂಬ ಮುಟ್ಟಿ ನಮಸ್ಕರಿಸುವಾಗ ಅವರೂ ದೂರದಿಂದಲೇ ಕೈ ಮುಗಿಯುತ್ತಾರೆ. ಪೂಜೆ ಮುಗಿದು ಎಲೆಯ ದೊನ್ನೆಗಳಲ್ಲಿ ಲುಚಿ, ಆಲೂ ದಮ್ ಹಂಚತೊಡಗಿದಾಗ ಜನರ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಹೊಟ್ಟೆಗೆ ಬಿದ್ದ ಮೇಲೆ ಬಂಗಾಳಿಯ ಸಿಟ್ಟು ನಿಲ್ಲುವುದು ಕಷ್ಟ.

"ಕುಂಭಕರ್ಣದಾ, ಸುಬಿಮಲ್ ಬಾಬುಗೆ ಇನ್ನೆರಡು ಲುಚಿ ಹಾಕು" ಎನ್ನುತ್ತಾರೆ ಪ್ರಿಯನಾಥ.

ಅರ್ತತ್ರಾಣ ತಟ್ಟೆ ಹಿಡಿದು ಬಂದು ನಿಲ್ಲುತ್ತಾರೆ. ಸುಬಿಮಲ್ ಅವರ ಮುಖ ನೋಡುತ್ತಾರೆ, ಮತ್ತೆ ಪ್ರಿಯನಾಥರ ಮುಖ ನೋಡುತ್ತಾರೆ. ಅರ್ತಾನನ್ನು ಯಾಕೆ ಹಾಗೆ ಕರೆಯುತ್ತೀರಿ ಎಂದು ಕೇಳುತ್ತಾರೆ.

"ಇನ್ಯಾಕೆ? ನೀವು ಓಡಿಹೋಗುವಾಗ ಇವನು ಗೊರಕೆ ಹೊಡೀತಿದ್ನಲ್ಲ!" ಸುತ್ತಲಿನವರು ನಗುತ್ತಾರೆ.

"ಮಲಗಿದ್ದ ಅಂತ ಯಾರು ಹೇಳಿದ್ದು?"

"ಅವನೇ."

ಅರ್ತತ್ರಾಣ ಬೇಡ ಎನ್ನುವಂತೆ ತಲೆಯಾಡಿಸುತ್ತಾರೆ. ಸುಬಿಮಲ್ ದೊನ್ನೆಯನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಲ್ಲುತ್ತಾರೆ. ಎದ್ದು ನಿಲ್ಲಲು ಅವರಿಗೆ ಸ್ವಲ್ಪ ಹೊತ್ತು ಬೇಕು.

"ನಾನು ಓಡಿಹೋಗಬಾರದು ಅಂತ ನನ್ನ ಬೂಟು, ಚಪ್ಪಲಿ ಎಲ್ಲಾ ನಿಮ್ಮ ಕ್ಲಬ್ಬಿನವರೇ ಒಯ್ದಿದ್ರು. ಬಾಗಿಲು ಒದ್ದೆ, ಇವನು ತೆಗೀಲಿಲ್ಲ. ಬೈದೆ, ತೆಗೀಲಿಲ್ಲ. ಅಮ್ಮ ರಕ್ತ ಕಾರ್ತಿದಾಳಂತೆ ಅರ್ತಾ ಅಂದೆ. ತೆಗೆದ. ತನ್ನ ಕಾಲಿನ ಚಪ್ಪಲಿ ಬಿಚ್ಚಿ ಕೊಟ್ಟ. ನಾನು ಮನೆ ಮುಟ್ಟೋ ಹೊತ್ತಿಗೆ ಆ ಕಡೆ ಕ್ಲಬ್ಬಿನವರು ಅಮ್ಮನ್ನ ಆಸ್ಪತ್ರೆಗೆ ಸೇರಿಸಿ, ರಕ್ತಾನೂ ಕೊಟ್ಟಿದ್ರು. ಅವರು ಸಹಿ ಕೇಳಿದಾಗ ಒಲ್ಲೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಅಮ್ಮ ಆಮೇಲೆ ಎಷ್ಟೋ ವರ್ಷ ಬದುಕಿದ್ಲು. ಇವನಿಗೆ ಯಾವ ಮುಖ ತೋರಿಸ್ಲಿ ಅಂತ ನಾನು ಈ ಕಡೆ ಬರಲೇ ಇಲ್ಲ. ಇವನು ಇಂಥ ಹೆಸರು ಹೊತ್ಕೊಂಡಿದಾನೆ ಅಂತ ಗೊತ್ತಿದ್ರೆ ನಡ್ಕೊಂಡಾದ್ರೂ ಬರ್ತಿದ್ದೆ."

ಒಲೆಯ ಮೇಲಿನ ಎಣ್ಣೆ ಚಟಪಟ ಅನ್ನುತ್ತಿದೆ. ಬೆಂಚಿನವರು ಕೈಯಲ್ಲಿನ ದೊನ್ನೆಗಳನ್ನು ಕೆಳಗಿಡುತ್ತಾರೆ. ಇಷ್ಟು ವರ್ಷ ಕೂತು ನಕ್ಕವರು ಅವರೇ. ಪಾಪ, ಅವರೂ ಕೆಟ್ಟವರಲ್ಲ. ತಮ್ಮ ದುಃಖಕ್ಕೆ ಒಬ್ಬ ತಪ್ಪಿತಸ್ಥ ಬೇಕಾಗಿದ್ದ, ಕೈಗೆ ಹತ್ತಿರ ಇದ್ದವನು ಮಾಲಿ. ಸುಬಿಮಲ್ ಕೈ ಹಿಡಿದುಕೊಂಡಾಗ ಅರ್ತತ್ರಾಣ, ಕೈಯೆಲ್ಲ ಎಣ್ಣೆ ಬಾಬು, ಎಂದು ಬಿಡಿಸಿಕೊಳ್ಳಲು ನೋಡುತ್ತಾರೆ. ಸುಬಿಮಲ್ ಬಿಡುವುದಿಲ್ಲ.

ಪ್ರಿಯನಾಥ ಧೋತಿಯ ಅಂಚಿಗೆ ಬೆರಳು ಒರೆಸಿಕೊಳ್ಳುತ್ತಾರೆ. ಕ್ಷಮಿಸು ಅನ್ನುವ ಮಾತು ಆ ಬಾಯಿಗೆ ಅಭ್ಯಾಸವಿಲ್ಲ. ಅವರಿಗೆ ಬರುವುದು ಒಂದೇ ಪ್ರಶ್ನೆ. ಅದನ್ನೇ ಕೇಳುತ್ತಾರೆ, ಈ ಸಲ ಮೆಲ್ಲಗೆ.

"ಅರ್ತಾದಾ, ಆವತ್ತು ನೀವೆಲ್ಲಿದ್ರಿ?"

ಬೆಂಚಿನವರು ಯಾರೂ ಬಾಯಿ ತೆರೆಯುವುದಿಲ್ಲ. ಅರ್ತತ್ರಾಣ ಹೆಗಲ ಮೇಲಿನ ಗಮ್ಚಾದಿಂದ ಮುಖ ಒರೆಸಿಕೊಂಡು ಎಲ್ಲರನ್ನೂ ಒಮ್ಮೆ ನೋಡುತ್ತಾರೆ.

"ಬಾಗಿಲ ಹತ್ರ ಇದ್ದೆ ಬಾಬು. ತೆಗೆದವನು ನಾನೇ."