ಮೇಷ್ಟ್ರ ಹೆಂಡತಿಗೆ ಏನು ಬೇಕಿತ್ತು

ಮದುವೆಗೆ ಮುಂಚೆ ಅವಳ ಮುಖ ಕಂಡವರು ಊರಿನಲ್ಲಿ ಕಡಿಮೆ, ದನಿ ಕೇಳದವರು ಮಾತ್ರ ಯಾರೂ ಇರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ಮಹಡಿಯ ಮೇಲೆ ಎತ್ತರದ ಸ್ಟೂಲುಗಳಲ್ಲಿ ಸಾಲಾಗಿ ಕೂರುತ್ತಿದ್ದ ಹುಡುಗಿಯರಲ್ಲಿ ಅವಳೂ ಒಬ್ಬಳು. ತಲೆಗೆ ಹೆಡ್‌ಫೋನು, ಎದುರಿಗೆ ಮೈಯೆಲ್ಲ ತೂತಿನ ಬೋರ್ಡು, ಕೈಯಲ್ಲಿ ತುದಿಗೆ ಹಿತ್ತಾಳೆಯಿದ್ದ ವೈರು. ಬೋರ್ಡಿನಲ್ಲಿ ಪುಟ್ಟ ದೀಪ ಹತ್ತಿದ ಕೂಡಲೇ ವೈರು ಚುಚ್ಚಿ “ನಂಬರ್ ಪ್ಲೀಸ್” ಅನ್ನಬೇಕು. ಆಸ್ಪತ್ರೆಯಿಂದ ಹೆರಿಗೆಯ ಸುದ್ದಿ, ಲಾರಿ ಆಫೀಸಿನ ಬೈಗುಳ, ದೂರದೂರಲ್ಲಿ ಕೆಲಸಕ್ಕಿದ್ದ ಗಂಡಂದಿರ ಪಿಸುಮಾತು, ಎಲ್ಲವೂ ಅವಳ ಬೆರಳುಗಳನ್ನು ದಾಟಿಯೇ ಹೋಗಬೇಕಿತ್ತು. ಪಾಳಿ ಮುಗಿಸಿ ಮೆಟ್ಟಿಲಿಳಿಯುವಾಗ ಊರನ್ನೆಲ್ಲ ತಾನೇ ಹೊಲಿದು ಮುಗಿಸಿ ಬಂದಂತೆ ಅವಳಿಗೆ ಒಂದು ಸುಸ್ತು, ಒಂದು ಖುಷಿ.

ಸೈನ್ಸ್ ಮೇಷ್ಟ್ರ ಸಂಬಂಧ ಬಂದಾಗ ಅವಳ ತಾಯಿ ಹೇಳಿದ್ದು ಇಷ್ಟೇ: “ಕುಡಿಯಲ್ಲ, ಸೇದಲ್ಲ, ಗಟ್ಟಿಯಾಗಿ ಮಾತೂ ಆಡಲ್ಲ. ಇನ್ನೇನು ಬೇಕು ನಿನಗೆ?”

ಅದು ನಿಜವೇ. ಮೇಷ್ಟ್ರು ದೇವರಂಥ ಮನುಷ್ಯ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಎರಡು ಬಿಳಿ ಶರ್ಟು, ಒಂದು ಸೈಕಲ್ಲು, ಗಡ್ಡ ಕೆರೆದುಕೊಳ್ಳಲು ಅಂಗೈಯಗಲದ ಕನ್ನಡಿ. ತಟ್ಟೆಗೆ ಏನು ಬಿದ್ದರೂ ಉಣ್ಣುತ್ತಿದ್ದರು, ಉಪ್ಪು ಕಡಿಮೆಯಾಗಿದೆ ಅಂತ ಒಂದು ದಿನ ಮುಖ ಊದಿಸಿಕೊಂಡವರಲ್ಲ. ಮನೆಗೆ ಏನಾದರೂ ತರುವ ಮಾತು ಬಂದಾಗ ಮಾತ್ರ ತಲೆಯೆತ್ತಿ, ಕ್ಲಾಸಿನಲ್ಲಿ ಮಕ್ಕಳನ್ನು ಕೇಳುವಂತೆ ಮೆತ್ತಗೆ ಕೇಳುತ್ತಿದ್ದರು: “ಬೇಕಾ ಇದು?”

ಆ ಪ್ರಶ್ನೆಯಲ್ಲಿ ಗದರಿಕೆಯೂ ಇರಲಿಲ್ಲ, ಕೊಂಕೂ ಇರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಲೂ ಇದ್ದರು. ಅವಳು ಯೋಚಿಸುತ್ತಿದ್ದಳು. ಕಿಟಕಿಗೆ ಪರದೆ ಬೇಕಾ? ಇಲ್ಲದಿದ್ದರೂ ನಡೆಯುತ್ತದೆ. ಇನ್ನೊಂದು ಮಂಚ? ಇಲ್ಲದಿದ್ದರೂ ನಡೆಯುತ್ತದೆ. ಹಾಗೆ ಕೇಳುತ್ತ ಹೋದರೆ ಜಗತ್ತಿನಲ್ಲಿ ಯಾವುದು ತಾನೇ ಇಲ್ಲದೆ ನಡೆಯುವುದಿಲ್ಲ? ಗಂಡಸರು ಕುಡಿದು ಬಂದು ಕೂಗಾಡಿದರೆ ತಿರುಗಿ ಕೂಗಬಹುದು. ತನಗಾಗಿ ಏನನ್ನೂ ಕೇಳದ ಮನುಷ್ಯನ ಜೊತೆ ಜಗಳಕ್ಕೆ ನಿಲ್ಲುವುದು ಹೇಗೆ?

ಮಗಳು ಹುಟ್ಟಿದ ಮೇಲೆ ಒಂದು ಭಾನುವಾರ ಮೇಷ್ಟ್ರು ಮಗುವನ್ನು ಎದೆಗಾನಿಸಿಕೊಂಡು ಹೇಳಿದರು, “ನನ್ನ ಸಂಬಳದಲ್ಲೇ ಮನೆ ನಡೆಯುತ್ತಲ್ಲ. ನಿನ್ನ ಜಾಗ ಯಾರಿಗಾದರೂ ಕಷ್ಟದಲ್ಲಿರೋ ಹುಡುಗಿಗೆ ಸಿಗಲಿ. ಏನಂತೀಯ?”

ಆ ಕೆಲಸ ನನಗೆ ಇಷ್ಟ ಅನ್ನಬೇಕೆಂದು ಅವಳ ನಾಲಿಗೆಯ ತುದಿಗೆ ಬಂತು. ಆದರೆ ಎದುರಿಗಿದ್ದದ್ದು ಯಾರೋ ಕಷ್ಟದಲ್ಲಿರುವ ಹುಡುಗಿ. ಬರೀ ಇಷ್ಟ ಎಂಬುದನ್ನು ಆ ಹುಡುಗಿಯ ಮುಂದೆ ಹೇಗೆ ಇಡುವುದು? “ಆಗಲಿ” ಅಂದಳು. ಎಕ್ಸ್‌ಚೇಂಜಿನ ಗೆಳತಿಯರು ಟೀ ತರಿಸಿ, ಕೇಕು ಕತ್ತರಿಸಿ ಕಳಿಸಿಕೊಟ್ಟರು. ಯಾಕೆ ಬಿಡ್ತೀಯೆ ಅಂದವರಿಗೆ ಮಗು ಚಿಕ್ಕದು ಅಂದಳು. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಮೇಷ್ಟ್ರ ಹೆಂಡತಿ. ಮೈದುನ ಒಬ್ಬ ಮಾತ್ರ “ಏನ್ರೀ ನಂಬರ್ ಪ್ಲೀಸ್ ಅತ್ತಿಗೆ, ಲೈನ್ ಸಿಗುತ್ತಾ?” ಅಂತ ರೇಗಿಸುತ್ತಿದ್ದ.

ಆ ಮೈದುನನಿಗೆ ಫ್ಯಾನು, ಮಿಕ್ಸಿ ಮಾರುವ ಅಂಗಡಿಯಿತ್ತು. ಅಣ್ಣನ ಮನೆಯಲ್ಲಿ ಹಾಲು ಒಡೆದುಹೋಗುವುದನ್ನು ನೋಡಿ ನೋಡಿ ಸಾಕಾಗಿ, ಒಂದು ಬೇಸಿಗೆಯಲ್ಲಿ ಹೇಳದೆ ಕೇಳದೆ ತಳ್ಳುಗಾಡಿಯ ಮೇಲೆ ಫ್ರಿಜ್ಜು ಕಳಿಸಿಬಿಟ್ಟ. ಮಗಳಿಗೆ ಆಗ ಆರು ವರ್ಷ. ಟ್ರೇಗೆ ನೀರು ತುಂಬಿ ಒಳಗಿಟ್ಟು, ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. “ಹಾಗೆ ತೆಗೀತಾ ಇದ್ರೆ ಗಟ್ಟಿಯಾಗಲ್ಲ ಕಣೆ” ಅಂದರೂ ಕೇಳುತ್ತಿರಲಿಲ್ಲ. ಮೇಷ್ಟ್ರು ಸ್ಕೂಲಿನಿಂದ ಬಂದರು. ಫ್ರಿಜ್ಜಿನ ಸುತ್ತ ಒಂದು ಸುತ್ತು ಬಂದು, ಒಳ್ಳೆಯ ವಸ್ತು ಎಂಬಂತೆ ಅದರ ನೆತ್ತಿ ಸವರಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮರಳಿ ಬಂದಾಗ ಜೊತೆಗೆ ಆಸ್ಪತ್ರೆಯ ಇಬ್ಬರು ಆಳುಗಳಿದ್ದರು.

“ಮಕ್ಕಳ ವಾರ್ಡಿನಲ್ಲಿ ಔಷಧಿ ಇಡೋಕೆ ಫ್ರಿಜ್ಜಿಲ್ಲವಂತೆ. ನಮಗಿಂತ ಅವರಿಗೆ ಬೇಕಲ್ಲ,” ಅಂದರು.

ಆಳುಗಳು ಫ್ರಿಜ್ಜನ್ನು ಓರೆ ಮಾಡಿದಾಗ ಟ್ರೇಯ ನೀರು ನೆಲಕ್ಕೆ ಚೆಲ್ಲಿತು. ಮೇಲೆ ತೆಳ್ಳಗೆ, ಗಾಜಿನಂಥ ಒಂದು ಪದರ ಅಷ್ಟೇ ಕಟ್ಟಿತ್ತು. ಮಗಳು ಅದನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಅದು ಕರಗಿದ ಮೇಲೂ ಮುಷ್ಟಿ ಬಿಚ್ಚಲಿಲ್ಲ. ಸಂಜೆ ತನಕ ಬಿಕ್ಕಿದ ಮಗಳನ್ನು ಮೇಷ್ಟ್ರು ಮಡಿಲಿಗೆ ಎಳೆದುಕೊಂಡು, ಔಷಧಿ ಯಾಕೆ ಕೆಡುತ್ತದೆ, ಕಾಹಿಲೆಯ ಮಕ್ಕಳಿಗೆ ಏನಾಗುತ್ತದೆ ಅಂತ ಸಮಾಧಾನದಿಂದ ವಿವರಿಸಿದರು. ಕಾಹಿಲೆಯ ಮಕ್ಕಳಿಗೆ ವಿರುದ್ಧವಾಗಿ ಯಾರು ಏನು ಹೇಳಿಯಾರು? ತಾಯಿ ಅಡುಗೆಮನೆಯ ಬಾಗಿಲಲ್ಲಿ ನೆಲ ಒರೆಸಿದಳು. ಊರು ಮೇಷ್ಟ್ರನ್ನು ಕೊಂಡಾಡಿತು.

ಫೋನಿನ ಮಾತೂ ಹಾಗೆಯೇ ಆಯಿತು. ಬೀದಿಯಲ್ಲಿ ಒಂದೊಂದೇ ಮನೆಗೆ ಫೋನು ಬಂದರೂ ಅವರ ಮನೆಗೆ ಬರಲಿಲ್ಲ. ಹತ್ತು ವರ್ಷ ಊರಿಗೆಲ್ಲ ಲೈನು ಕೊಟ್ಟವಳ ಜೊತೆ ಯಾರಾದರೂ ಮಾತಾಡಬೇಕೆಂದರೆ ಮೂಲೆಯ ಟೈಲರ್ ಅಂಗಡಿಗೆ ಮಾಡಬೇಕು. ಟೈಲರ್ ಒಳ್ಳೆಯವನೇ. ಆದರೆ ಶಾಲೆಗಳು ಶುರುವಾಗುವ ವಾರದಲ್ಲಿ ಅವನಿಗೆ ಮೈಯೆಲ್ಲ ಕೈಯಾದರೂ ಸಾಲದು. ಅಂಥ ವಾರದಲ್ಲೇ ಅವಳ ತಮ್ಮ ಫೋನು ಮಾಡಿದ. ಅಮ್ಮನಿಗೆ ಜೋರಾಗಿದೆ, ಅಕ್ಕನ್ನೇ ಕೇಳ್ತಿದಾಳೆ, ಈಗಲೇ ಹೊರಡೋಕೆ ಹೇಳಿ ಅಂದನಂತೆ. ಟೈಲರ್ ಆಗಲಿ ಅಂದು, ಬಾಗಿಲಿಗೆ ಬಂದ ಯೂನಿಫಾರ್ಮಿನ ಅಳತೆಗೆ ಎದ್ದ. ಅವನಿಗೆ ಅದು ನೆನಪಾಗಿದ್ದು ಸಂಜೆ ಅಂಗಡಿಯ ಕಸ ಗುಡಿಸುವಾಗ. ಟೇಪನ್ನು ಕತ್ತಿನಲ್ಲೇ ನೇತುಹಾಕಿಕೊಂಡು ಓಡಿ ಬಂದ. ಮಧ್ಯಾಹ್ನದ ಬಸ್ಸು ಯಾವಾಗಲೋ ಹೋಗಿತ್ತು. ಮರುದಿನ ಅವಳು ತವರಿನ ಬಾಗಿಲು ತಲುಪಿದಾಗ ಎಲ್ಲ ಮುಗಿದು, ಅಂಗಳ ತೊಳೆದಿದ್ದರು.

“ಬಾಗಿಲ ಕಡೆಗೇ ನೋಡ್ತಿದ್ಲು ಅಕ್ಕಾ,” ಅಂದ ತಮ್ಮ. ಆ ಒಂದು ಮಾತನ್ನು ಅವನು ಹೇಳದೇ ಇರಬಹುದಿತ್ತು.

ವಾಪಸು ಬಂದಮೇಲೆ ಮೇಷ್ಟ್ರು ಎರಡು ದಿನ ಅವಳ ಮುಖ ನೋಡಲಾರದೆ ಓಡಾಡಿದರು. ಮೂರನೆಯ ದಿನ ಪಕ್ಕದಲ್ಲಿ ಬಂದು ಕೂತರು.

“ಫೋನ್ ಹಾಕಿಸೋಣ್ವಾ?”

“ಇನ್ನು ಯಾರ ಜೊತೆ ಮಾತಾಡಲಿ ಬಿಡಿ,” ಅಂದಳು ಅವಳು. “ಬೇಡ.”

ಅದು ಅವಳ ಬದುಕಿನಲ್ಲೇ ದೊಡ್ಡ ಸಿಟ್ಟು. ಆದರೆ ದನಿ ಏರಲಿಲ್ಲ, ಪಾತ್ರೆ ಸದ್ದಾಗಲಿಲ್ಲ. ಹಾಗಾಗಿ ಅದು ಸಿಟ್ಟೆಂದು ಮೇಷ್ಟ್ರಿಗೆ ಗೊತ್ತಾಗಲೇ ಇಲ್ಲ. “ಈ ವಿಷಯದಲ್ಲಿ ನನಗಿಂತ ಅವಳೇ ಗಟ್ಟಿ,” ಅಂತ ಬಂದವರ ಮುಂದೆಲ್ಲ ಅಭಿಮಾನದಿಂದ ಹೇಳಿಕೊಂಡರು. ಅವಳು ಒಳಗಿನಿಂದ ಕೇಳಿಸಿಕೊಂಡು ಚಹಾ ಸೋಸಿದಳು.

ಮಗಳು ಬ್ಯಾಂಕಿನಲ್ಲಿ ಕೆಲಸ ಹಿಡಿದಳು, ತನಗೆ ಬೇಕಾದವನನ್ನು ಮದುವೆಯಾದಳು, ಮನೆಯನ್ನು ತುಂಬಿಸಿದಳು. ಸೋಫಾ, ಅದರ ಮೇಲೆ ದಿಂಬು, ದಿಂಬಿನ ಮೇಲೆ ಇನ್ನೊಂದು ದಿಂಬು. ಫ್ರಿಜ್ಜಂತೂ ಎರಡು ಬಾಗಿಲಿನದು. ಮೇಷ್ಟ್ರು ಅಲ್ಲಿಗೆ ಹೋದರೆ ಸೋಫಾದ ಅಂಚಿನಲ್ಲಿ, ಬಸ್ಸಿಗೆ ಕಾಯುವವರಂತೆ ಕೂರುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ. ಆ ಮೌನವೇ ಮಗಳ ಹೊಟ್ಟೆ ಉರಿಸುತ್ತಿತ್ತು.

“ಅಮ್ಮಾ, ನೀನು ಒಂದು ಸಲನಾದ್ರೂ ಅಪ್ಪನ ಮುಂದೆ ‘ನನಗೆ ಬೇಕು’ ಅಂದಿದ್ಯಾ?” ಅಂತ ಒಮ್ಮೆ ಕೇಳಿದಳು.

“ಅವರೇನು ಬೇಡ ಅಂದಿಲ್ಲವಲ್ಲೇ.”

“ಅದೇ ಹೇಳ್ತಿರೋದು ನಾನು.”

ಮೇಷ್ಟ್ರು ರಿಟೈರಾಗಿ ಕೆಲವು ವರ್ಷಕ್ಕೆ ಹಾಸಿಗೆ ಹಿಡಿದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ದಿನಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ ಹಾಸು ಬದಲಿಸಬೇಕು. ಹಿತ್ತಲಿನ ನಲ್ಲಿಯ ಕೆಳಗೆ ಕೂತು ಅವಳು ದಪ್ಪ ಹಾಸುಗಳನ್ನು ಕುಕ್ಕಿ, ಜಾಲಿಸಿ, ಹಿಂಡುತ್ತಿದ್ದಳು. ಒದ್ದೆಯಾದ ಹಾಸು ಎತ್ತಿದರೆ ಎಳೆಗರುವಿನಷ್ಟು ಭಾರ. ಹಿಂಡಲು ಬೆರಳು ಮಡಚುತ್ತಿರಲಿಲ್ಲ, ಒಂದು ತುದಿಯನ್ನು ನಲ್ಲಿಗೆ ಸುತ್ತಿ ಇನ್ನೊಂದು ತುದಿಯನ್ನು ಮೈಭಾರದಿಂದ ತಿರುಚುತ್ತಿದ್ದಳು. ಗಾಳಿ ಬೆಳಕು ಬರಲಿ ಅಂತ ಮಂಚವನ್ನು ಹಿತ್ತಲ ಕಿಟಕಿಯ ಪಕ್ಕಕ್ಕೆ ಸರಿಸಿದ್ದರಿಂದ, ಮೇಷ್ಟ್ರಿಗೆ ಈಗ ಬೆಳಗಿನಿಂದ ಅದೇ ಕಾಣುತ್ತಿತ್ತು. ಮದುವೆಯಾದಾಗಿನಿಂದ ಅದೇ ಹೊತ್ತಿಗೆ ಸ್ಕೂಲಿನಲ್ಲೋ, ರಿಟೈರಾದ ಮೇಲೆ ಲೈಬ್ರರಿಯಲ್ಲೋ ಇರುತ್ತಿದ್ದವರು ಇದನ್ನು ಮೊದಲ ಬಾರಿ ನೋಡುತ್ತಿದ್ದರು.

ಒಂದು ದಿನ ಅವಳು ಒಳಗೆ ಬಂದಾಗ, “ಕೈ ತೋರಿಸು,” ಅಂದರು.

“ಯಾಕ್ರೀ?”

“ತೋರಿಸು.”

ಗಂಟುಗಂಟಾದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕಿರುಬೆರಳು ಹೊರಗೆ ಬಾಗಿತ್ತು, ಉಗುರ ಸಂದಿಯ ಚರ್ಮ ಬಿಳಿಚಿ ಒಡೆದಿತ್ತು. “ನಾನು ನೋಡಲೇ ಇಲ್ಲ,” ಅಂದರು.

ಆಗ ಹೇಳಬಹುದಿತ್ತು. ಅಷ್ಟು ವರ್ಷಗಳಲ್ಲಿ ಅವಳಿಗಾಗಿ ತೆರೆದುಕೊಂಡ ಒಂದೇ ಬಾಗಿಲು ಅದು. ಆದರೆ ಆ ಮುಖದಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ, ಕಣ್ಣಲ್ಲಿ ನೀರಿತ್ತು.

“ವಯಸ್ಸಾಯ್ತಲ್ಲ, ಎಲ್ಲರಿಗೂ ಹೀಗೇ ಆಗುತ್ತೆ,” ಅಂದಳು. ಕೈ ಬಿಡಿಸಿಕೊಂಡು, “ಗಂಟಲು ಒಣಗಿದೆಯಾ? ನೀರು ಕೊಡ್ಲಾ?” ಅಂದಳು. ಅವರು ನಂಬಿದರೋ ಇಲ್ಲವೋ, ಕಣ್ಣು ಮುಚ್ಚಿಕೊಂಡರು. ಅದಾಗಿ ಹತ್ತಿಪ್ಪತ್ತು ದಿನಕ್ಕೆ ಹೋದರು.

ಸ್ಕೂಲಿನ ಹಾಲಿನಲ್ಲಿ ಸಂತಾಪ ಸಭೆ. ಕೂರಲು ಜಾಗವಿಲ್ಲದೆ ಕಿಟಕಿಗಳಲ್ಲೂ ಜನ. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೇ ಎದ್ದು ಎರಡು ಶರ್ಟಿನ ಕಥೆ, ಸೈಕಲ್ಲಿನ ಕಥೆ, ಫ್ರಿಜ್ಜಿನ ಕಥೆ ಹೇಳಿದರು. “ಸರಳವಾಗಿ ಬದುಕೋದು ಹೇಗೆ ಅಂತ ಮೇಷ್ಟ್ರನ್ನು ನೋಡಿ ಕಲೀಬೇಕು,” ಅಂದ ಒಬ್ಬ ಡಾಕ್ಟರು. ಕೊನೆಗೆ ಹೆಡ್‌ಮಾಸ್ಟರು ಮೈಕನ್ನು ಅವಳ ಮುಂದೆ ಹಿಡಿದು, “ಅಮ್ಮಾ, ನೀವೂ ಎರಡು ಮಾತು,” ಅಂದರು.

ಅವಳು ಬೇಡವೆಂದು ತಲೆಯಾಡಿಸಿದಳು. ಅವರು ಬಿಡಲಿಲ್ಲ. ಎದ್ದು ನಿಂತಳು.

“ಅವರು ಬಹಳ ಒಳ್ಳೆಯವರು,” ಅಂದಳು. ಮೈಕಿನಲ್ಲಿ ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಸಭೆಯೆಲ್ಲ ಕಿವಿಯಾಗಿತ್ತು. “ಎರಡೇ ಶರ್ಟಿದ್ದದ್ದು ನಿಜ. ದಿನಾ ಒಗೀಬೇಕಾಗ್ತಿತ್ತು.” ಮೈಕಿಗೆ ಇನ್ನಷ್ಟು ಹತ್ತಿರ ಬಾಗಿ, “ನಾನು ಒಗೀತಿದ್ದೆ,” ಅಂದಳು.

ಸಭೆ ನಕ್ಕಿತು. ಪ್ರೀತಿಯ ನಗುವೇ. ಮೇಷ್ಟ್ರ ಹೆಂಡತಿ ತಮಾಷೆ ಮಾಡಿದರು ಅಂದುಕೊಂಡು ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಮಗಳು ಮಾತ್ರ ನಗಲಿಲ್ಲ. ಎದ್ದು ಬಂದು ತಾಯಿಯ ತೋಳು ಹಿಡಿದು, ಮೆಲ್ಲಗೆ ಕೂರಿಸಿದಳು.

ಆಮೇಲೆ ಮಗಳು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಬಟ್ಟೆಯನ್ನು ಮೆಷಿನ್ನು ಒಗೆಯುತ್ತಿತ್ತು, ತಟ್ಟೆಯನ್ನು ಇನ್ನೊಂದು ಮೆಷಿನ್ನು ತೊಳೆಯುತ್ತಿತ್ತು. ಅವಳು ಮೆಷಿನ್ನಿನ ಗಾಜಿನ ಮುಂದೆ ಕೂತು ಬಟ್ಟೆ ತಿರುಗುವುದನ್ನೇ ನೋಡುತ್ತಿದ್ದಳು. ಇಷ್ಟು ಸುಲಭವೇ ಎಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ತನ್ನದೇ ವಯಸ್ಸು, ತನ್ನದೇ ಮೈ ಆ ನೊರೆಯಲ್ಲಿ ಸುತ್ತುತ್ತಿದ್ದಂತೆ ಅನ್ನಿಸಿತು.

“ನಿನಗೇನು ಬೇಕು ಹೇಳಮ್ಮಾ,” ಅಂತ ಮಗಳು ದಿನಾ ಕೇಳುತ್ತಿದ್ದಳು. “ಟೀವಿ? ಹೊಸ ಬಟ್ಟೆ? ಎಲ್ಲಿಗಾದ್ರೂ ಹೋಗ್ಬೇಕಾ?”

ಅವಳು ನಿಜವಾಗಿ ಯೋಚಿಸಿದಳು, ಮನಸ್ಸಿನ ಮೂಲೆ ಮೂಲೆಯಲ್ಲಿ ತಡಕಾಡಿದಳು. “ಗೊತ್ತಾಗ್ತಿಲ್ಲ ಕಣೆ,” ಅಂದಳು ಒಂದು ದಿನ. “ಬೇಕು ಅನ್ನೋದು ಹೇಗಿರುತ್ತೆ ಅಂತಾನೇ ಮರೆತುಹೋಗಿದೆ.” ಮಗಳು ಮುಖ ತಿರುಗಿಸಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು.

ಮನೆಗೆ ಮರಳುವೆನೆಂದು ಹಟ ಹಿಡಿದಾಗ ಮಗಳೇ ಕಾರಿನಲ್ಲಿ ಕರೆತಂದಳು. ದಾರಿಯಲ್ಲಿ ಒಂದು ಫರ್ನಿಚರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ತನಗೊಂದು ಟೀಪಾಯಿ ನೋಡಬೇಕು ಎಂದು ಒಳಗೆ ಹೋದಳು. ತಾಯಿ ಹಿಂದೆ ಹಿಂದೆ ನಡೆದಳು. ಸೇಲ್ಸಿನವನು ಅವಳ ಸುಸ್ತು ಕಂಡು, ಗೋಡೆಯ ಪಕ್ಕದ ಕುರ್ಚಿಯನ್ನು ತೋರಿಸಿ, “ಕೂತ್ಕೊಳಿ ಅಮ್ಮಾ, ಅವರು ನೋಡ್ತಿರ್ಲಿ,” ಅಂದ.

ಎತ್ತರದ ಬೆನ್ನು, ಮೆತ್ತೆ ಹಾಕಿದ ತೋಳುಗಳ ಕುರ್ಚಿ ಅದು. ಅವಳು ಅಂಚಿನಲ್ಲಿ ಕೂತಳು. ಆಮೇಲೆ ಹಿಂದಕ್ಕೆ ಒರಗಿದಳು. ಬೆನ್ನು, ಸೊಂಟ, ಕತ್ತು ಎಲ್ಲವನ್ನೂ ಒಂದೇ ಸಲಕ್ಕೆ ಯಾರೋ ಕೈಚಾಚಿ ಎತ್ತಿಕೊಂಡಂತಾಯಿತು. ಎರಡೂ ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಇಟ್ಟಳು, ಅವು ಅಲ್ಲಿ ಏನೂ ಮಾಡದೆ ಬಿದ್ದುಕೊಂಡವು. ಗಂಡ ಸತ್ತಾಗ ಅಳದವಳು, ತಾಯಿ ಸತ್ತಾಗ ಒಗೆಯುವ ಕಲ್ಲಿನ ಮುಂದೆ ಮಾತ್ರ ಅತ್ತವಳು, ಅಂಗಡಿಯ ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತಳು.

ಮಗಳು ಓಡಿ ಬಂದು ಮಂಡಿಯೂರಿದಳು. “ಏನಾಯ್ತಮ್ಮಾ?”

“ಇದು ಬೇಕು,” ಅಂದಳು ತಾಯಿ.

ಕುರ್ಚಿ ಈಗ ಆ ಮನೆಯ ಹೊರಕೋಣೆಯಲ್ಲಿದೆ. ಇಷ್ಟು ದೊಡ್ಡದನ್ನು ಆ ಚಿಕ್ಕ ಕೋಣೆಯಲ್ಲಿಟ್ಟದ್ದಕ್ಕೆ ಓಡಾಡಲು ಜಾಗವೇ ಸಾಲದು, ಬಾಗಿಲು ಪೂರ್ತಿ ತೆರೆಯುವುದಿಲ್ಲ. ಬಂದವರು ಪಕ್ಕಕ್ಕೆ ಹೊರಳಿಕೊಂಡು ಒಳಗೆ ಬರುತ್ತಾರೆ. ಬೆಳಗಿನ ಕೆಲಸ ಮುಗಿಸಿ ಅವಳು ಅದರಲ್ಲಿ ಕೂರುತ್ತಾಳೆ, ಒರಗುತ್ತಾಳೆ. ಹಿತವಾಗುತ್ತದೆ. ಆದರೆ ಹೆಚ್ಚು ಹೊತ್ತು ಕೂರಲಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಎದುರಿನ ಖಾಲಿ ಗೋಡೆಯತ್ತ ನೋಡಿ, “ಬೇಕಾ ಇದು?” ಎಂದು ಯಾರೋ ಕೇಳಿದರೆಂಬಂತೆ, ಸೊಂಟ ನೋಯುತ್ತದೆ, ಡಾಕ್ಟರು ಹೇಳಿದ್ದಾರೆ ಎಂದು ಕಾರಣ ಕೊಡತೊಡಗುತ್ತಾಳೆ. ಯಾವ ಡಾಕ್ಟರೂ ಹಾಗೆ ಹೇಳಿಲ್ಲ.